ಬೀಗದ ಕೈ ಕಳೆದರೆ ಇಡೀ ಬೀಗವನ್ನೇ ಬದಲಿಸಬೇಕೇ?

ಪ್ರಶ್ನೆ: ಕಳೆದ ವಾರ ಸಂತೆಗೆ ಹೋಗಿ ಬರುವಷ್ಟರಲ್ಲಿ ನನ್ನ ಬೀಗದ ಕೈ ಗೊಂಚಲು ಎಲ್ಲೋ ಬಿದ್ದುಹೋಗಿದೆ. ಮುಂಬಾಗಿಲಿನದು, ಹಿತ್ತಲ ಬಾಗಿಲಿನದು, ಬೀರುವಿನದು, ಮೂರೂ ಅದರಲ್ಲೇ ಇದ್ದವು. ಮುಂಬಾಗಿಲಿಗೆ ಇರುವುದು ಹಿಡಿಕೆಯ ಕೆಳಗೆ ಕೈ ಹಾಕಿ ತಿರುಗಿಸುವ ಡೋರ್‌ಲಾಕ್. 5 ವರ್ಷಗಳ ಹಿಂದೆ ಮನೆ ಕಟ್ಟಿದಾಗ ಹಾಕಿಸಿದ್ದು. ಅದರ ಇನ್ನೊಂದು ಕೈ ನಮ್ಮ ಯಜಮಾನರ ಬಳಿ ಇದೆ. ಅಂಗಡಿಯವರು ಇಡೀ ಬೀಗವನ್ನೇ ಬದಲಿಸಿ ಎನ್ನುತ್ತಾರೆ. ಹೊಸ ಬೀಗಕ್ಕೆ ಬಾಗಿಲನ್ನು ಮತ್ತೆ ಕೊರೆಯಬೇಕಾಗಬಹುದು ಎಂದು ಬಡಗಿ ಹೇಳಿದ್ದಾರೆ. ತೇಗದ ಬಾಗಿಲನ್ನು ಕೊರೆಸಲು ಮನಸ್ಸು ಬರುತ್ತಿಲ್ಲ, ಹಾಗೆಯೇ ಬಿಟ್ಟರೆ ರಾತ್ರಿ ನಿದ್ದೆಯೂ ಬರುತ್ತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ಅಕ್ಕನೂ ಇದೇ ಪಾಡು ಪಟ್ಟಿದ್ದಾಳೆ. ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ತರೀಕೆರೆ

ಉತ್ತರ: ತಾಯಿ, ಉಳಿ ಹಿಡಿದವರನ್ನು ಸದ್ಯಕ್ಕೆ ಬಾಗಿಲಿನ ಹತ್ತಿರ ಬಿಡಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮುಂಬಾಗಿಲಿನಲ್ಲಿ ಬದಲಾಗಬೇಕಾದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಹಿತ್ತಾಳೆಯ ತುಂಡು ಮಾತ್ರ. ಅದಕ್ಕೆ ಬೇಕಾದ ಸಲಕರಣೆ ಒಂದು ಸ್ಕ್ರೂಡ್ರೈವರ್, ಹಿಡಿಯುವ ಹೊತ್ತು ಕಾಲು ಗಂಟೆ. ಬಾಗಿಲಿನ ಮರಕ್ಕೆ ಒಂದು ಗೀರೂ ಬೀಳುವುದಿಲ್ಲ.

ಆದರೆ ಯಜಮಾನರ ಬಳಿ ಇರುವ ಆ ಒಂದು ಕೈ ಕಳೆಯುವ ಮೊದಲೇ ಈ ಕೆಲಸ ಮುಗಿಯಬೇಕು. ಹಲವರು ಎಡವುವುದು ಇಲ್ಲಿಯೇ. ಮೊದಲ ಕೈ ಕಳೆದಾಗ ‘ಇನ್ನೊಂದಿದೆಯಲ್ಲ’ ಎಂದು ಸುಮ್ಮನಿರುತ್ತಾರೆ. ಆರು ತಿಂಗಳ ನಂತರ ಎರಡನೆಯದೂ ಕಳೆದಾಗ ನನ್ನಂಥವರಿಗೆ ಫೋನ್ ಮಾಡುತ್ತಾರೆ. ಕೈಯಲ್ಲಿ ಒಂದಾದರೂ ಇದ್ದಾಗ ಸ್ಕ್ರೂಡ್ರೈವರಿನಲ್ಲಿ ಮುಗಿಯುವ ಕೆಲಸ, ಒಂದೂ ಇಲ್ಲದಾಗ ಡ್ರಿಲ್ ಯಂತ್ರದವರೆಗೆ ಹೋಗುತ್ತದೆ. ಯಾಕೆ ಹೀಗೆ ಎನ್ನುವುದು ಬೀಗದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದರೆ ತಾನಾಗಿ ಅರ್ಥವಾಗುತ್ತದೆ. (ನಾನು ಬೀಗ ಎನ್ನುವುದನ್ನು ಧಾರವಾಡ, ಬೆಳಗಾವಿ ಕಡೆಯ ಓದುಗರು ಕೀಲಿ ಎಂದು, ಬೀಗದ ಕೈ ಎನ್ನುವುದನ್ನು ಕೀಲಿಕೈ ಎಂದು ಓದಿಕೊಳ್ಳಬೇಕು.)

ಮೊದಲು ಯಜಮಾನರ ಬಳಿಯಿರುವ ಕೈಯನ್ನು ಬೆಳಕಿಗೆ ಹಿಡಿದು ನೋಡಿ. ಅದು ಚಪ್ಪಟೆಯಾಗಿದ್ದು, ಅಂಚಿನಲ್ಲಿ ಗರಗಸದ ಹಲ್ಲುಗಳೋ ಮೈಮೇಲೆ ಸಣ್ಣ ಸಣ್ಣ ಕುಳಿಗಳೋ ಇದ್ದರೆ ನಿಮ್ಮದು ಸಿಲಿಂಡರ್ ಇರುವ ಬೀಗ. ಹಾಗಲ್ಲದೆ ದುಂಡನೆಯ ಕಡ್ಡಿ, ಅದರ ತುದಿಯಲ್ಲಿ ಪುಟ್ಟ ಬಾವುಟದಂತೆ ಒಂದು ತುಂಡು ಇದ್ದರೆ ಅದು ಲಿವರ್ ಬೀಗ. ಈಚಿನ ವರ್ಷಗಳಲ್ಲಿ ಕಟ್ಟಿದ ಮನೆಗಳಲ್ಲಿ ಹಿಡಿಕೆಯ ಜೊತೆಗಿರುವ ಬೀಗ ಬಹುಮಟ್ಟಿಗೆ ಸಿಲಿಂಡರಿನದೇ ಆಗಿರುತ್ತದೆ. ಅಂಗಡಿಯವರು ಇದನ್ನು ಮಾರ್ಟಿಸ್ ಲಾಕ್ ಎನ್ನುತ್ತಾರೆ.

ಇದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಬಾಗಿಲಿನ ದಪ್ಪದೊಳಗೆ ಹುದುಗಿರುವ ಉಕ್ಕಿನ ಪೆಟ್ಟಿಗೆ. ಹೊರಗೆ ಚಾಚಿ ಚೌಕಟ್ಟಿನೊಳಗೆ ಕೂರುವ ನಾಲಗೆ ಇರುವುದು ಅದರಲ್ಲಿ. ಬಡಗಿ ಬಾಗಿಲನ್ನು ಕೊರೆದದ್ದು ಈ ಪೆಟ್ಟಿಗೆಯನ್ನು ಕೂರಿಸಲು. ಇನ್ನೊಂದು, ಪೆಟ್ಟಿಗೆಯ ಅಡ್ಡಲಾಗಿ, ಬಾಗಿಲಿನ ಈ ಮೈಯಿಂದ ಆ ಮೈಗೆ ತೂರಿಸಿರುವ ಸಿಲಿಂಡರ್. ನೀವು ಕೈ ಹಾಕುವುದು ಇದಕ್ಕೆ. ಸಿಲಿಂಡರಿನ ಒಳಗೆ ತಿರುಗುವ ಒಂದು ದುಂಡು, ಅದಕ್ಕೆ ಚುಚ್ಚಿಕೊಂಡಂತೆ ಸಾಲಾಗಿ ಐದೋ ಆರೋ ಸಣ್ಣ ಪಿನ್ನುಗಳು, ಪ್ರತಿ ಪಿನ್ನಿನ ಹಿಂದೆ ಒಂದು ಸ್ಪ್ರಿಂಗ್. ಪಿನ್ನುಗಳೆಲ್ಲ ನಡುವೆ ತುಂಡಾಗಿರುತ್ತವೆ, ಆದರೆ ಒಂದೊಂದು ತುಂಡಾಗಿರುವುದು ಒಂದೊಂದು ಎತ್ತರದಲ್ಲಿ. ಸರಿಯಾದ ಕೈ ಹಾಕಿದಾಗ ಅದರ ಏರುತಗ್ಗುಗಳು ಪ್ರತಿ ಪಿನ್ನನ್ನೂ ಬೇಕಾದಷ್ಟೇ ಸರಿಸಿ, ತುಂಡಾದ ಜಾಗಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಆಗ ಮಾತ್ರ ದುಂಡು ತಿರುಗುತ್ತದೆ. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿ ಇದ್ದದ್ದೂ ಇದೇ ಉಪಾಯ. ಅದನ್ನು ಜೇಬಿನಲ್ಲಿ ಹಿಡಿಯುವಂಥ ಚಪ್ಪಟೆ ಕೈಗೆ ಹೊಂದಿಸಿ 1860ರ ದಶಕದಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಲೈನಸ್ ಯೇಲ್ ಜೂನಿಯರ್. ನಿಮ್ಮ ಬಾಗಿಲಿನಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಆ ಲೆಕ್ಕಾಚಾರವೇ.

ಸಿಲಿಂಡರಿನ ನಟ್ಟನಡುವೆ ಕ್ಯಾಮ್ ಎಂಬ ಒಂದು ಚಿಕ್ಕ ಹಲ್ಲು ಇರುತ್ತದೆ. ದುಂಡು ತಿರುಗಿದಾಗ ಹಲ್ಲು ಸುತ್ತಿ, ಪೆಟ್ಟಿಗೆಯೊಳಗಿನ ನಾಲಗೆಯನ್ನು ನೂಕುತ್ತದೆ. ಪೆಟ್ಟಿಗೆಗೆ ಗೊತ್ತಾಗುವುದು ‘ಹಲ್ಲು ತಿರುಗಿತು’ ಎನ್ನುವುದಷ್ಟೇ. ಅದನ್ನು ತಿರುಗಿಸಿದ್ದು ಯಾವ ಕೈ ಎಂಬುದು ಅದಕ್ಕೆ ತಿಳಿಯದು. ಕೈಯ ಗುರುತು ಇರುವುದು ಸಿಲಿಂಡರಿನಲ್ಲಿ ಮಾತ್ರ. ಆದ್ದರಿಂದ ಸಿಲಿಂಡರ್ ಬದಲಾದರೆ ಸಂತೆದಾರಿಯಲ್ಲಿ ಬಿದ್ದಿರುವ ನಿಮ್ಮ ಕೈ ಬರೀ ಲೋಹದ ಚೂರು. ಪೆಟ್ಟಿಗೆ, ಹಿಡಿಕೆ, ತಗಡು ಎಲ್ಲವೂ ಇದ್ದಲ್ಲೇ ಇರಲಿ. ಸಿಲಿಂಡರ್ ಬಿಡಿಯಾಗಿ ಸಿಗುತ್ತದೆ, ಬೆಲೆ ಇಡೀ ಬೀಗದ ಅರ್ಧಕ್ಕಿಂತ ಸಾಕಷ್ಟು ಕಡಿಮೆ.

ಈಗ ಕೆಲಸಕ್ಕೆ ಬರೋಣ. ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಇಬ್ಬರಿದ್ದಾಗ ಮಾಡಿ. ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಕೆಳಗೆ ಒಂದು ಇಟ್ಟಿಗೆಯನ್ನೋ ಕಲ್ಲನ್ನೋ ಒತ್ತರಿಸಿ. ಇದನ್ನು ತಪ್ಪಿಸಬೇಡಿ. ಬಾಗಿಲಿನ ಅಂಚಿನಲ್ಲಿ, ನಾಲಗೆ ಹೊರಬರುವ ಉದ್ದನೆಯ ಪಟ್ಟಿ ಕಾಣುತ್ತದೆಯಲ್ಲ, ಅದರಲ್ಲಿ ಕೈ ಹಾಕುವ ಜಾಗದ ನೇರಕ್ಕೆ ಒಂದು ಸ್ಕ್ರೂ ಇರುತ್ತದೆ. ಪಟ್ಟಿಯ ಮೇಲ್ತುದಿ, ಕೆಳತುದಿಯ ಸ್ಕ್ರೂಗಳು ಪೆಟ್ಟಿಗೆಯನ್ನು ಹಿಡಿದಿರುವಂಥವು. ಅವುಗಳ ತಂಟೆಗೆ ಹೋಗಬೇಡಿ. ನೇರದಲ್ಲಿರುವ ಆ ಒಂದು ಸ್ಕ್ರೂವನ್ನು ಬಿಚ್ಚಿ. ಎಳೆದಷ್ಟೂ ಬರುತ್ತಲೇ ಇರುತ್ತದೆ, ಒಂದು ಬೆರಳುದ್ದ ಇರುತ್ತದೆ, ಗಾಬರಿ ಬೇಡ. ತುಕ್ಕು ಹಿಡಿದು ಅಲುಗಾಡದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಒಂದು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಚಿಕ್ಕದರಲ್ಲಿ ಬಲ ಹಾಕಿ ತಲೆಯ ಗೀರು ಸವೆಸಿದರೆ, ಸುಲಭದ ಕೆಲಸ ಅಲ್ಲಿಗೆ ಕೆಡುತ್ತದೆ.

ಸ್ಕ್ರೂ ಬಂದ ಮೇಲೂ ಸಿಲಿಂಡರ್ ಈಚೆಗೆ ಬರುವುದಿಲ್ಲ. ಕ್ಯಾಮ್ ಎಂಬ ಹಲ್ಲು ಒಂದು ಪಕ್ಕಕ್ಕೆ ಚಾಚಿಕೊಂಡು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿರುತ್ತದೆ. ಉಳಿದಿರುವ ಕೈ ಬೇಕಾಗುವುದು ಇಲ್ಲಿಗೆ. ಕೈಯನ್ನು ಹಾಕಿ ಎಡಕ್ಕೋ ಬಲಕ್ಕೋ ಸ್ವಲ್ಪವೇ ಸ್ವಲ್ಪ ತಿರುಗಿಸಿ. ಗಡಿಯಾರದ ಗಂಟೆಮುಳ್ಳು 12ರಿಂದ ಅರ್ಧ ಗಂಟೆಯಲ್ಲಿ ಸರಿಯುವಷ್ಟು ಸಾಕು. ಇನ್ನೊಂದು ಕೈಬೆರಳಿನಿಂದ ಸಿಲಿಂಡರನ್ನು ಮೆಲ್ಲಗೆ ಒತ್ತುತ್ತಾ ಇರಿ. ಹಲ್ಲು ಸಿಲಿಂಡರಿನ ಮೈಯ ನೇರಕ್ಕೆ ಬಂದ ಕ್ಷಣ ಬೆರಳಿಗೆ ಒಂದು ಸಡಿಲು ಸಿಗುತ್ತದೆ, ಬೆಣ್ಣೆಯೊಳಗಿಂದ ಎಳೆದಂತೆ ಸಿಲಿಂಡರ್ ಈಚೆಗೆ ಬಂದುಬಿಡುತ್ತದೆ. ಸಿಗದಿದ್ದರೆ ಇನ್ನೊಂದು ದಿಕ್ಕಿಗೆ ತಿರುಗಿಸಿ ನೋಡಿ. ಒಳಗಡೆ ಕೈಯ ಬದಲು ತಿರುಗಿಸುವ ಗುಂಡಿ ಇರುವ ಸಿಲಿಂಡರಾದರೆ ಗುಂಡಿಯನ್ನೇ ತಿರುಗಿಸಿ ಹಲ್ಲನ್ನು ನೇರಕ್ಕೆ ತರಬಹುದು, ಕೈ ಇಲ್ಲದಿದ್ದರೂ ನಡೆಯುತ್ತದೆ.

ಹೊರಬಂದ ತುಂಡನ್ನು ಅಂಗೈಯಲ್ಲಿಟ್ಟು ನೋಡಿ. ಅಡ್ಡಲಾಗಿ ನೋಡಿದರೆ ಮೇಲೆ ದುಂಡು, ಕೆಳಗೆ ಬಾಲ. ಬಾಲದ ನಡುವೆ ಸ್ಕ್ರೂ ಕೂರುವ ಒಂದು ತೂತು. ಅಳತೆ ತೆಗೆಯುವುದು ಆ ತೂತಿನ ನಡುವಿನಿಂದ. ಒಂದು ಕಡೆಯ ತುದಿಗೆ ಎಷ್ಟು ಮಿಲಿಮೀಟರ್, ಇನ್ನೊಂದು ಕಡೆಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಒಟ್ಟು 60 ಮತ್ತು 70 ಮಿ.ಮೀ. ಉದ್ದದವು. ದಪ್ಪ ಬಾಗಿಲಿಗೆ 80 ಕೂಡ ಇರುತ್ತದೆ. ಒಟ್ಟು ಉದ್ದವನ್ನು ಮಾತ್ರ ಹೇಳಿದರೆ ಸಾಲದು. 70 ಎಂದರೆ 35 ಮತ್ತು 35 ಆಗಿರಬಹುದು, 30 ಮತ್ತು 40 ಕೂಡ ಆಗಿರಬಹುದು. ಅದಲುಬದಲಾದರೆ ಒಂದು ಕಡೆ ಒಳಗೆ ಹೂತುಹೋಗಿ, ಇನ್ನೊಂದು ಕಡೆ ಮೂತಿ ಚಾಚಿಕೊಂಡಿರುತ್ತದೆ. ಹೊರಗಡೆ ಹಿಡಿಕೆಯ ತಗಡಿನಿಂದ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಚಾಚಿದ ಸಿಲಿಂಡರನ್ನು ಇಕ್ಕಳದಲ್ಲಿ ಹಿಡಿದು ಮುರಿಯಬಹುದು. ಸ್ಕ್ರೂ ತೂತಿರುವ ನಡುಭಾಗವೇ ಅದರ ಅತ್ಯಂತ ತೆಳುವಾದ ಜಾಗ, ಮುರಿಯುವುದೂ ಅಲ್ಲೇ. ಆದ್ದರಿಂದ ‘ಸ್ವಲ್ಪ ಉದ್ದವಾದರೇನು, ಕೂರುತ್ತದೆ’ ಎಂದು ಅಂಗಡಿಯವರು ಕೊಟ್ಟರೆ ತೆಗೆದುಕೊಳ್ಳಬೇಡಿ.

ಅಳತೆ ಬರೆದುಕೊಂಡು, ಮೊಬೈಲಿನಲ್ಲಿ ಎರಡು ಫೋಟೊ ತೆಗೆದು, ಹಳೆಯದನ್ನೇ ಮತ್ತೆ ಕೂರಿಸಿ ಅಂಗಡಿಗೆ ಹೋಗಿ. ಮನೆಯಲ್ಲಿ ಯಾರಾದರೂ ಒಳಗಿನಿಂದ ಚಿಲಕ ಹಾಕಿಕೊಂಡು ಇರುವುದಾದರೆ ತುಂಡನ್ನೇ ಕೊಂಡೊಯ್ಯಬಹುದು, ಅದು ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಒಂದು ಆಯ್ಕೆ ಎದುರಾಗುತ್ತದೆ: ಎರಡೂ ಕಡೆ ಕೈ ಹಾಕುವಂಥದ್ದೋ, ಹೊರಗೆ ಕೈ ಒಳಗೆ ಗುಂಡಿ ಇರುವಂಥದ್ದೋ? ನಾನು ಗುಂಡಿಯ ಪರ. ರಾತ್ರಿ ಹೊಗೆ ತುಂಬಿದರೆ, ವಯಸ್ಸಾದವರಿಗೆ ಎದೆನೋವು ಬಂದರೆ, ಕತ್ತಲಲ್ಲಿ ಕೈ ಹುಡುಕುತ್ತಾ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಎರಡೂ ಕಡೆ ಕೈಯ ಸಿಲಿಂಡರುಗಳಲ್ಲಿ ಇನ್ನೊಂದು ತೊಡಕು ಇದೆ. ಒಳಗಡೆ ಕೈಯನ್ನು ಹಾಗೇ ಬಿಟ್ಟು ಮಲಗಿದರೆ, ಹಲವು ಸಿಲಿಂಡರುಗಳಲ್ಲಿ ಹೊರಗಿನಿಂದ ಸರಿಯಾದ ಕೈ ಹಾಕಿದರೂ ಬಾಗಿಲು ತೆರೆಯುವುದಿಲ್ಲ. ಅತ್ತೆ ಮಾವ ಒಬ್ಬರೇ ಮನೆಯಲ್ಲಿರುವ ದಿನಗಳಿದ್ದರೆ ಇದು ಸಣ್ಣ ವಿಷಯವಲ್ಲ. ಒಂದೇ ಒಂದು ಸಂದರ್ಭದಲ್ಲಿ ಗುಂಡಿ ಬೇಡ ಎನ್ನುತ್ತೇನೆ: ಬಾಗಿಲಿನಲ್ಲಿ ಅಥವಾ ಅದರ ಮಗ್ಗುಲಲ್ಲಿ ಗಾಜು ಇದ್ದು, ಗಾಜು ಒಡೆದು ಕೈ ತೂರಿಸಿದರೆ ಗುಂಡಿ ಎಟಕುವಂತಿದ್ದರೆ.

ಹೊಸ ಸಿಲಿಂಡರನ್ನು ಕೂರಿಸುವುದು ತೆಗೆದ ಕ್ರಮದ ಹಿಮ್ಮುಖ. ಹಲ್ಲನ್ನು ನೇರಮಾಡಿ ತೂರಿಸಿ, ತೂತಿಗೆ ಉದ್ದ ಸ್ಕ್ರೂವನ್ನು ಹೊಂದಿಸಿ, ಕೈಬೆರಳಿನಲ್ಲೇ ಮೊದಲ ಕೆಲವು ಸುತ್ತು ತಿರುಗಿಸಿ, ಕೊನೆಗೆ ಸ್ಕ್ರೂಡ್ರೈವರಿನಲ್ಲಿ ಹದವಾಗಿ ಬಿಗಿಯಿರಿ. ಹೊಸದರ ಜೊತೆ ಬಂದ ಸ್ಕ್ರೂ ನಿಮ್ಮ ಪೆಟ್ಟಿಗೆಗೆ ಉದ್ದವಾಗಬಹುದು, ಗಿಡ್ಡವೂ ಆಗಬಹುದು. ಹಳೆಯದನ್ನು ಎಸೆಯಬೇಡಿ, ಬಹಳ ಸಲ ಸರಿಹೊಂದುವುದು ಅದೇ.

ಬಾಗಿಲನ್ನು ಈಗಲೇ ಮುಚ್ಚಬೇಡಿ. ಬಾಗಿಲು ತೆರೆದಿರುವಾಗಲೇ ಹೊಸ ಕೈಗಳನ್ನೆಲ್ಲ ಒಂದೊಂದಾಗಿ, ಹೊರಗಿನಿಂದಲೂ ಒಳಗಿನಿಂದಲೂ ಹಾಕಿ, ನಾಲಗೆಯನ್ನು ಹೊರಗೆ ತಂದು, ಮತ್ತೆ ಒಳಗೆ ಕಳುಹಿಸಿ ನೋಡಿ. ಈ ಕೆಲಸಕ್ಕೆ ಕೈಹಾಕಿ 28 ವರ್ಷಗಳಾದವು. ಹೊಸದರಲ್ಲಿ ಹಾಸನದ ಒಂದು ಮನೆಯಲ್ಲಿ ನಾನು ಸಿಲಿಂಡರ್ ಕೂರಿಸಿ, ಸ್ಕ್ರೂವನ್ನು ಬಲವಾಗಿ ಬಿಗಿದು, ಪರೀಕ್ಷೆ ಮಾಡದೆ ಬಾಗಿಲು ಎಳೆದು ಬೀಗ ತಿರುಗಿಸಿದೆ. ನಾಲಗೆ ಹೊರಬಂತು, ಒಳಗೆ ಹೋಗಲಿಲ್ಲ. ಅತಿಯಾಗಿ ಬಿಗಿದ ಸ್ಕ್ರೂ ಸಿಲಿಂಡರನ್ನು ವಾರೆಯಾಗಿಸಿ ಹಲ್ಲು ಕಚ್ಚಿಕೊಂಡಿತ್ತು. ಬಿಚ್ಚಬೇಕಾದ ಸ್ಕ್ರೂ ಇರುವುದು ಬಾಗಿಲಿನ ಅಂಚಿನಲ್ಲಿ, ಬಾಗಿಲೋ ಮುಚ್ಚಿದೆ. ಆ ಮನೆಯ ಅಜ್ಜಿ ಒಳಗಿದ್ದರು, ಮಗ ಸೊಸೆ ತುಂತುರು ಮಳೆಯಲ್ಲಿ ನನ್ನ ಜೊತೆ ಹೊರಗೆ. ಎರಡು ಗಂಟೆ ಒದ್ದಾಡಿ, ಅದೇ ಬೆಳಿಗ್ಗೆ ಕೊಂಡಿದ್ದ ಸಿಲಿಂಡರನ್ನು ಡ್ರಿಲ್ಲಿನಲ್ಲಿ ಕೊರೆದು ಬಾಗಿಲು ತೆಗೆದೆ. ‘ಬಾಗಿಲು ತೆರೆದಿಟ್ಟೇ ಪರೀಕ್ಷೆ’ ಎಂದು ಅಂದಿನಿಂದ ಪ್ರತಿ ಮನೆಯಲ್ಲೂ ಹೇಳುತ್ತೇನೆ. ನಿಮಗೂ ಹೇಳುತ್ತಿದ್ದೇನೆ.

ತೆರೆದಾಗ ಸಲೀಸಾಗಿ ತಿರುಗುವ ಕೈ, ಮುಚ್ಚಿದಾಗ ಬಿಗಿಯಾದರೆ ತಪ್ಪು ಬೀಗದ್ದಲ್ಲ. ನಾಲಗೆ ಚೌಕಟ್ಟಿನ ತಗಡಿನ ತೂತಿಗೆ ನೇರವಾಗಿ ಕೂರುತ್ತಿಲ್ಲ ಎಂದರ್ಥ. ನಿಮ್ಮದು ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಮರ ಉಬ್ಬಿ, ಇಡೀ ಬಾಗಿಲು ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಜುಲೈನಲ್ಲಿ ‘ಬೀಗ ಕೆಟ್ಟಿದೆ’ ಎಂದು ಬರುವ ಕರೆಗಳಲ್ಲಿ ಬಹುಪಾಲು ಹೀಗೆ ಉಬ್ಬಿದ ಬಾಗಿಲಿನವು. ಬಾಗಿಲನ್ನು ಭುಜದಿಂದ ತುಸು ಒತ್ತಿ ಅಥವಾ ಹಿಡಿಕೆ ಹಿಡಿದು ಎತ್ತಿ ತಿರುಗಿಸಿದಾಗ ಸಲೀಸಾದರೆ, ತಗಡಿನ ತೂತಿನ ಅಂಚನ್ನು ಅರದಲ್ಲಿ ಸ್ವಲ್ಪ ಉಜ್ಜಿಸಿ. ಹೊಸ ಬೀಗ ಕೊಳ್ಳಬೇಡಿ.

ಕೈಯನ್ನು ಸಲೀಸು ಮಾಡಲೆಂದು ಸಿಲಿಂಡರಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಒಂದು ವಾರ ಹಿತವಾಗಿರುತ್ತದೆ. ಆಮೇಲೆ ಧೂಳು ಅಂಟಿ, ಪಿನ್ನುಗಳ ಸುತ್ತ ಕರಿಯ ಜಿಗುಟಾಗಿ ಕೂರುತ್ತದೆ. ಬೇಕಾದದ್ದು ಗ್ರಾಫೈಟ್ ಪುಡಿ. ಅದಿಲ್ಲದಿದ್ದರೆ ಮಗುವಿನ ಕಂಪಾಸು ಪೆಟ್ಟಿಗೆಯಿಂದ ಒಂದು ಮೆತ್ತನೆಯ ಪೆನ್ಸಿಲ್ ತೆಗೆದು ಕೈಯ ಹಲ್ಲುಗಳಿಗೆ ಕಪ್ಪಾಗುವಷ್ಟು ತಿಕ್ಕಿ, ಐದಾರು ಬಾರಿ ಹಾಕಿ ತೆಗೆಯಿರಿ. ಪೆನ್ಸಿಲಿನ ಸೀಸ ಎನ್ನುವುದೂ ಗ್ರಾಫೈಟೇ.

ಒಂದು ವೇಳೆ ಯಜಮಾನರ ಕೈ ಬಾವುಟದ ಆಕಾರದ್ದಾಗಿದ್ದರೆ, ಅಂದರೆ ಲಿವರ್ ಬೀಗವಾಗಿದ್ದರೆ, ಬಿಡಿಸಿ ಬದಲಿಸುವ ಸಿಲಿಂಡರ್ ಅದರಲ್ಲಿರುವುದಿಲ್ಲ. ಪೆಟ್ಟಿಗೆಯನ್ನೇ ಬದಲಿಸಬೇಕು. ಆಗಲೂ ಕೊರೆತ ಅನಿವಾರ್ಯವಲ್ಲ. ಅಂಚಿನ ಪಟ್ಟಿಯ ಉದ್ದ ಅಗಲ, ಬಾಗಿಲಿನ ಅಂಚಿನಿಂದ ಕೈ ಹಾಕುವ ತೂತಿನ ನಡುವಿಗೆ ಇರುವ ದೂರ, ಹಿಡಿಕೆಯ ನಡುವಿನಿಂದ ಆ ತೂತಿನ ನಡುವಿಗೆ ಇರುವ ದೂರ, ಈ ಅಳತೆಗಳು ಹೊಂದುವ ಪೆಟ್ಟಿಗೆಯನ್ನು ಹುಡುಕಿದರೆ ಹಳೆಯ ಗೂಡಿನಲ್ಲೇ ಕೂರುತ್ತದೆ. ಅದೇ ಕಂಪನಿಯ ಅದೇ ಮಾದರಿ ಸಿಕ್ಕರೆ ಹುಡುಕಾಟವೇ ಬೇಡ. ಬಡಗಿ ಕೊರೆಯಬೇಕು ಎಂದದ್ದು ಅಂಗಡಿಯಲ್ಲಿ ಕೈಗೆ ಸಿಕ್ಕ ಬೇರೆ ಅಳತೆಯ ಬೀಗವನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬೇಕು.

ಹಿತ್ತಲ ಬಾಗಿಲಿಗೆ ಇರುವುದು ಅಡ್ಡಪಟ್ಟಿಗೆ ಹಾಕುವ ತೂಗುಬೀಗ ಎಂದುಕೊಂಡಿದ್ದೇನೆ. ಅದಕ್ಕೆ ಹೆಚ್ಚು ಯೋಚಿಸಬೇಡಿ. ಕೈ ಇದ್ದರೆ ತೆಗೆದು, ಇಲ್ಲದಿದ್ದರೆ ಗರಗಸದಲ್ಲಿ ಕೊಯ್ಯಿಸಿ, ಹೊಸ ಬೀಗ ಹಾಕಿ. ಅಲಿಗಢದ್ದಾಗಲಿ, 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತಮಿಳುನಾಡಿನ ದಿಂಡಿಗಲ್‌ನದ್ದಾಗಲಿ, ತೂಕವಿರುವ ಲಿವರ್ ಬೀಗ ದಶಕಗಳ ಕಾಲ ಬಾಳುತ್ತದೆ. ಕೊಳ್ಳುವ ಮೊದಲು ಅದರ ಕೊಂಡಿ ನಿಮ್ಮ ಅಡ್ಡಪಟ್ಟಿಯ ತೂತಿನಲ್ಲಿ ಹೋಗುತ್ತದೆಯೇ ಎಂದು ನೋಡಿ. ನಾನು ನೋಡಿದ ಮಟ್ಟಿಗೆ ಇಂಥ ಬಾಗಿಲುಗಳಲ್ಲಿ ಮೊದಲು ಸೋಲುವುದು ಬೀಗವಲ್ಲ, ಪಟ್ಟಿಯನ್ನು ಹಿಡಿದಿರುವ ಮುಕ್ಕಾಲು ಇಂಚಿನ ಸ್ಕ್ರೂಗಳು. ಕಳ್ಳ ಸಲಾಕೆ ಹಾಕಿ ಮೀಟಿದರೆ ಬೀಗ ಹಾಗೇ ತೂಗುತ್ತಿರುತ್ತದೆ, ಪಟ್ಟಿ ಕಿತ್ತುಬಂದಿರುತ್ತದೆ. ಹಳೆಯ ತೂತುಗಳು ಸಡಿಲಾಗಿದ್ದರೆ ಬಿದಿರಿನ ಚಕ್ಕೆಗಳಿಗೆ ಫೆವಿಕಾಲ್ ಹಚ್ಚಿ ತೂತಿಗೆ ಬಿಗಿಯಾಗಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಉದ್ದನೆಯ ಸ್ಕ್ರೂ ಹಾಕಿ. ಬಾಗಿಲಿನ ಆಚೆಗೆ ತೂರಿ ಒಳಗಡೆ ನಟ್ ಬಿಗಿಯುವ ಬೋಲ್ಟ್ ಹಾಕಿಸಿದರೆ ಇನ್ನೂ ಭದ್ರ.

ಬೀರುವಿನ ವಿಷಯದಲ್ಲಿ ಜಾಗ್ರತೆ ಬೇಕು. ಅದರ ಇನ್ನೊಂದು ಕೈ ಮನೆಯಲ್ಲಿದ್ದರೆ ಒಂದು ನಕಲು ಮಾಡಿಸಿ. ಅವಸರವೇನಿಲ್ಲ, ಮುಂಬಾಗಿಲು ಭದ್ರವಾದ ಮೇಲೆ ಬೀರುವಿನ ಕೈ ಹೊರಗೆಲ್ಲೋ ಬಿದ್ದಿದ್ದರೂ ಅಪಾಯ ಕಡಿಮೆ. ಕೈ ಇಲ್ಲವೇ ಇಲ್ಲ ಎಂದಾದರೆ ಕೀ ಮಾಡುವವರನ್ನು ಕರೆಸಬೇಕಾಗುತ್ತದೆ. ಬೀದಿಯಲ್ಲಿ ಕೂಗುತ್ತಾ ಹೋಗುವವರನ್ನು ಒಳಗೆ ಕರೆಯಬೇಡಿ. ನಕಲಿ ಕೈ ಮಾಡುವ ನೆಪದಲ್ಲಿ ಬಂದು, ಮನೆಯವರನ್ನು ಯಾವುದೋ ಕಾರಣಕ್ಕೆ ಅತ್ತ ಕಳುಹಿಸಿ, ಒಡವೆ ಎತ್ತಿಕೊಂಡು ಹೋದ ಪ್ರಕರಣಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಈ ಕಸುಬಿನವರಲ್ಲಿ ಪ್ರಾಮಾಣಿಕರೇ ಹೆಚ್ಚು, ಅವರ ಕೈಚಳಕದ ಮೇಲೆ ನನಗೆ ಅಪಾರ ಗೌರವವಿದೆ. ಅವರಲ್ಲಿ ಊರಿನಲ್ಲಿ ಕಾಯಂ ಅಂಗಡಿ ಇಟ್ಟುಕೊಂಡವರನ್ನು ಕರೆಯಿರಿ. ಅವರು ಕೆಲಸ ಮಾಡುವಷ್ಟು ಹೊತ್ತೂ ಇಬ್ಬರು ಪಕ್ಕದಲ್ಲೇ ಇರಿ. ಬೀರು ತೆರೆದ ಕೂಡಲೇ ಒಡವೆ, ಪತ್ರಗಳನ್ನು ತೆಗೆದು ಬೇರೆ ಕಡೆ ಇಟ್ಟು, ಆಮೇಲೆ ಕೈಗೆ ಅರ ಹಾಕಲು ಹೇಳಿ.

ಇನ್ನು ನಿಮ್ಮ ಅಕ್ಕನ ಬಾಡಿಗೆ ಮನೆ. ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಬಹಳ ಕಾಣುವುದು ನೈಟ್ ಲ್ಯಾಚ್: ಬಾಗಿಲಿನ ಒಳಮೈ ಮೇಲೆ ಪೆಟ್ಟಿಗೆಯಂತೆ ಕೂತಿರುವ, ಎಳೆದರೆ ತಾನೇ ಬೀಳುವ ಬೀಗ. ಇದರಲ್ಲಿ ಸಿಲಿಂಡರ್ ಬಿಡಿಯಾಗಿ ಸಿಗುವುದು ಕೆಲವು ಮಾದರಿಗಳಿಗೆ ಮಾತ್ರ. ಉಳಿದವಕ್ಕೆ ಇಡೀ ಬೀಗ ಬದಲಾಗಬೇಕು. ಹಳೆಯದರ ಕಂಪನಿ, ಮಾದರಿ ನೋಡಿ ಅದನ್ನೇ ತಂದರೆ ಸ್ಕ್ರೂ ತೂತುಗಳು ಹಾಗೇ ಹೊಂದುತ್ತವೆ. ಬೇರೆಯದು ತರುವುದಾದರೆ ಬಾಗಿಲಿನ ಅಂಚಿನಿಂದ ಹೊರಗಿನ ಸಿಲಿಂಡರಿನ ನಡುವಿಗೆ ಇರುವ ದೂರ, ಬಾಗಿಲಿನ ದಪ್ಪ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬ ಮೂರು ವಿವರ ಬೇಕು.

ಬದಲಿಸುವ ಮೊದಲು ಮನೆಯ ಮಾಲೀಕರಿಗೆ ಒಂದು ಸಂದೇಶ ಕಳುಹಿಸಿ ಒಪ್ಪಿಗೆ ಪಡೆಯಲಿ. ಬಾಯಿಮಾತಿಗಿಂತ ಬರೆದದ್ದು ಒಳ್ಳೆಯದು. ಕೈ ಕಳೆದದ್ದು ಬಾಡಿಗೆದಾರರಾದರೆ ಖರ್ಚು ಅವರೇ ಹಾಕಿಕೊಳ್ಳುವುದು ವಾಡಿಕೆ. ತೆಗೆದ ಬೀಗವನ್ನೋ ಸಿಲಿಂಡರನ್ನೋ, ಉಳಿದ ಕೈಯ ಸಮೇತ, ಹಳೆಯ ಸ್ಕ್ರೂಗಳ ಸಮೇತ ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಲಿ. ಮನೆ ಬಿಡುವಾಗ ಅದನ್ನೇ ಮತ್ತೆ ಕೂರಿಸಿ ಕೊಟ್ಟು, ತಮ್ಮದನ್ನು ತೆಗೆದುಕೊಂಡು ಹೋಗಬಹುದು. ಬಾಡಿಗೆ ಮನೆಗೆ ಹೊಸದಾಗಿ ಹೋಗುವ ಎಲ್ಲರಿಗೂ ನಾನು ಕೈ ಕಳೆಯದಿದ್ದರೂ ಇದನ್ನೇ ಹೇಳುತ್ತೇನೆ. ಹಿಂದೆ ಆ ಮನೆಯಲ್ಲಿದ್ದವರು ಎಷ್ಟು ನಕಲು ಮಾಡಿಸಿದ್ದರು ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ನೈಟ್ ಲ್ಯಾಚಿನ ಮನೆಗಳಿಗೆ ಒಂದು ಎಚ್ಚರಿಕೆ. ಒಲೆಯ ಮೇಲೆ ಹಾಲಿಟ್ಟು, ಕಸ ಹಾಕಲೆಂದು ಹೊರಗೆ ಬಂದಾಗ ಗಾಳಿಗೆ ಬಾಗಿಲು ಬಿದ್ದುಬಿಡುತ್ತದೆ. ಒಳಗೆ ಮಗು ಇದ್ದರೆ, ಒಲೆ ಉರಿಯುತ್ತಿದ್ದರೆ ಕೀ ಮಾಡುವವರನ್ನು ಹುಡುಕುತ್ತಾ ಕೂರಬೇಡಿ, ನೇರವಾಗಿ 112ಕ್ಕೋ ಅಗ್ನಿಶಾಮಕದವರ 101ಕ್ಕೋ ಕರೆ ಮಾಡಿ. ಬಾಗಿಲು ಒಡೆಯಬೇಕಾದರೆ ಒಡೆಯಲಿ. ಗೋಡೆಯ ಪೈಪು ಹಿಡಿದು ಬಾಲ್ಕನಿಗೆ ಹತ್ತುವ ಸಾಹಸವನ್ನಂತೂ ಯಾರೂ ಮಾಡಬಾರದು. ಅಂಥ ಅವಸರವಿಲ್ಲದ ಬರಿಯ ಕೈ ಕಳೆದ ಸಂದರ್ಭವಾದರೆ, ಬಂದವರು ಬಂದ ಕೂಡಲೇ ಡ್ರಿಲ್ ತೆಗೆದರೆ ತಡೆಯಿರಿ. ಬರೀ ಎಳೆದು ಬಿದ್ದಿರುವ ಬಾಗಿಲನ್ನು ಬಲ್ಲವರು ಏನನ್ನೂ ಕೆಡಿಸದೆ ತೆರೆಯುತ್ತಾರೆ. ಮನೆ ನಿಮ್ಮದೇ ಎನ್ನುವುದಕ್ಕೆ ಅವರು ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ. ಕೇಳುವವರೇ ಒಳ್ಳೆಯ ಕಸುಬುದಾರರು.

ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಅಪಾಯ ಎಷ್ಟು ಎನ್ನುವುದು ಕೈಯ ಜೊತೆ ಏನೇನು ಕಳೆಯಿತು ಎನ್ನುವುದರ ಮೇಲೆ ಹೋಗುತ್ತದೆ. ಪರ್ಸು, ಆಧಾರ್, ವಿಳಾಸವಿರುವ ಬಿಲ್ಲು ಏನಾದರೂ ಜೊತೆಗೆ ಹೋಗಿದ್ದರೆ ಅದೇ ಸಂಜೆ ಸಿಲಿಂಡರ್ ಬದಲಾಗಬೇಕಿತ್ತು, ಪೊಲೀಸರಿಗೂ ತಿಳಿಸಬೇಕಿತ್ತು. ನಿಮ್ಮದು ಬರೀ ಗೊಂಚಲು. ಸಿಕ್ಕವರಿಗೆ ಅದು ಯಾವ ಬಾಗಿಲಿನದೆಂದು ತಿಳಿಯುವ ದಾರಿ ಸುಲಭವಿಲ್ಲ. ಆದರೂ ಚಿಕ್ಕ ಊರಿನಲ್ಲಿ ನಿಮ್ಮ ಕೈಯಲ್ಲಿ ಆ ಗೊಂಚಲನ್ನು ದಿನವೂ ನೋಡಿದವರು ಇರುತ್ತಾರೆ, ಆದ್ದರಿಂದ ಈ ವಾರ ದಾಟಿಸಬೇಡಿ. ಅಲ್ಲಿಯವರೆಗೆ ರಾತ್ರಿ ಒಳಚಿಲಕ ಮೇಲೆ ಕೆಳಗೆ ಎರಡನ್ನೂ ಹಾಕಿ ಮಲಗಿ. ಹೊರಗಿನ ಕೈ ಯಾರ ಬಳಿ ಇದ್ದರೂ ಚಿಲಕಕ್ಕೆ ಅದು ನಾಟುವುದಿಲ್ಲ. ಹಗಲು ಮನೆ ಬಿಟ್ಟು ಹೋಗುವಾಗ ಮಾತ್ರ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗಿ.

ಹೊಸ ಸಿಲಿಂಡರಿನ ಜೊತೆ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೈಗಳು ಬರುತ್ತವೆ. ಮೈಮೇಲೆ ಕುಳಿಗಳಿರುವ ಕೈಯಾದರೆ ಎಲ್ಲ ಅಂಗಡಿಗಳಲ್ಲೂ ನಕಲು ಮಾಡುವುದಿಲ್ಲ, ಆದ್ದರಿಂದ ಪೆಟ್ಟಿಗೆಯಲ್ಲಿ ಸಂಖ್ಯೆಯಿರುವ ಕಾರ್ಡು ಇದ್ದರೆ ಮನೆಯ ಪತ್ರಗಳ ಜೊತೆ ಎತ್ತಿಡಿ. ಒಂದು ನಿಮಗೆ, ಒಂದು ಯಜಮಾನರಿಗೆ. ಮೂರನೆಯದು ಚಪ್ಪಲಿ ಗೂಡಿನಲ್ಲಿ, ತುಳಸಿ ಕಟ್ಟೆಯ ಸಂದಿಯಲ್ಲಿ, ಕರೆಂಟ್ ಮೀಟರಿನ ಪೆಟ್ಟಿಗೆಯಲ್ಲಿ ಬೇಡ. ಹುಡುಕುವವರು ಮೊದಲು ತಡಕುವುದು ಆ ಜಾಗಗಳನ್ನೇ. ನಂಬಿಕೆಯ ನೆರೆಯವರ ಮನೆಯಲ್ಲೋ ಹತ್ತಿರದ ನೆಂಟರಲ್ಲೋ ಇಡಿ. ಬೀರುವಿನ ಕೈಯನ್ನು ಇನ್ನು ಮುಂದೆ ಆ ಗೊಂಚಲಿಗೆ ಸೇರಿಸಬೇಡಿ, ಅದಕ್ಕೆ ಸಂತೆಯಲ್ಲಿ ಕೆಲಸವಿಲ್ಲ.